ಚೌಡಿಗೆ ಯಾವ ವಾರ?

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯಲ್ಲಿ ಸರಸ್ವತಿ ಪೂಜೆ. ತಲೆಗೆ ಎರಡು ರೂಪಾಯಿ ಚಂದಾ. ಮೇಜಿನ ಮೇಲೆ ಫೋಟೋ, ದಾಸವಾಳ, ಊದಿನಕಡ್ಡಿ, ಒಂದು ತೆಂಗಿನಕಾಯಿ, ಒಂದು ಸೇರು ಪುರಿ. ನೆಲ ಸಾರಿಸುವವರು ಯಾರು, ರಂಗೋಲಿ ಬಿಡುವವರು ಯಾರು, ಕಾಯಿ ಒಡೆಯುವವರು ಯಾರು, ಮಂಗಳಾರತಿ ತಟ್ಟೆ ಹಿಡಿಯುವವರು ಯಾರು ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಹೇಳಬೇಕಾದ್ದೂ ಇಲ್ಲ. ಮಕ್ಕಳಿಗೆ ಗೊತ್ತಿದೆ. ನೀರು ತರಲು ಒಂದು ಕೇರಿಯ ಮಕ್ಕಳು ಎದ್ದು ಹೋಗುತ್ತಾರೆ, ತಟ್ಟೆ ಹಿಡಿಯಲು ಇನ್ನೊಂದು ಮನೆಯ ಹುಡುಗ ಮುಂದೆ ಬರುತ್ತಾನೆ. ಬ್ಯಾರಿಗಳ ಹುಡುಗಿ ಗೋಡೆಗೆ ಆತು ನಿಂತಿರುತ್ತಾಳೆ. ಮಲಯಾಳಿ ಕ್ರೈಸ್ತರ ಹುಡುಗ ಪುರಿ ಕೊಡುವ ಹೊತ್ತಿಗೆ ಸರಿಯಾಗಿ ಕೈಚಾಚುತ್ತಾನೆ. ಅವನಿಗೆ ಪುರಿ ಮುಖ್ಯ. ನಮಗೆ ಅವನ ಮೇಲೆ ಸಿಟ್ಟಿಲ್ಲ, ಪ್ರೀತಿಯೇ.

ಇಂಥ ಒಂದು ಶುಕ್ರವಾರ ಕಾಫಿ ಎಸ್ಟೇಟಿನ ಲೈನ್‌ಮನೆಯಿಂದ ಬರುವ, ಆರನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಶುಕ್ರವಾರ ಸರಸ್ವತಿಗೆ. ನಮ್ಮ ಚೌಡಿಗೆ ಯಾವ ವಾರ?"

ಇಡೀ ಕ್ಲಾಸು ಬಿದ್ದೂ ಬಿದ್ದೂ ನಕ್ಕಿತು. ನಿಜ ಹೇಳಬೇಕೆಂದರೆ ಮೇಷ್ಟ್ರೂ ನಕ್ಕರು. ಆ ಮೇಷ್ಟ್ರು ನಮ್ಮವರೇ. ಅಂಬೇಡ್ಕರ್ ಜಯಂತಿಯಲ್ಲಿ ಭಾಷಣ ಮಾಡುವವರು, ಈ ಪತ್ರಿಕೆಗೆ ಚಂದಾ ಕಟ್ಟುವವರು. ರಾತ್ರಿ ಮನೆಗೆ ಹೋದ ಮೇಲೆ ಅನ್ನ ಸೇರಲಿಲ್ಲ ಎಂದು ಅವರೇ ನಮ್ಮ ಮುಂದೆ ಹೇಳಿಕೊಂಡರು. ಯಾಕೆಂದರೆ ಅವರ ಅವ್ವನೂ ಗದ್ದೆ ಅಂಚಿನ ಮರದ ಬುಡದಲ್ಲಿ ಚೌಡಿಗೆ ಕೋಳಿ ಕೊಟ್ಟವಳೇ. ಅಂದು ಅವರು ನಕ್ಕದ್ದು ಆ ಅವ್ವನನ್ನೇ.

ಈ ಬರಹ ಆ ನಗುವಿನ ಬಗ್ಗೆ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಈ ಸೀಮೆಯಲ್ಲಿ ಹತ್ತು ಶಾಲೆ ಸುತ್ತಿದರೆ ಎಲ್ಲೋ ಒಂದು ಕಡೆಯಲ್ಲ, ಹಲವು ಕಡೆ ಇದೇ ಕಾಣುತ್ತದೆ.

ಶೆಟ್ಟಿಕೊಪ್ಪದ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾದು ನಿಂತರೆ ಗೊತ್ತಾಗುತ್ತದೆ, ಇದೆಂಥ ಸೀಮೆ ಅಂತ. ಒಂದು ದಿನದ ಬಸ್ ಪ್ರಯಾಣದೊಳಗೆ ತುಂಗೆಯ ದಂಡೆಯ ಶೃಂಗೇರಿ ಮಠ, ಭದ್ರೆಯ ದಂಡೆಯ ಬಾಳೆಹೊನ್ನೂರಿನ ರಂಭಾಪುರಿ ಪೀಠ, ಕೊಪ್ಪದ ಕಡೆ ಹರಿಹರಪುರದ ಮಠ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜೈನರ ಜ್ವಾಲಾಮಾಲಿನಿ ಬಸದಿ, ಕೇರಳದಿಂದ ಬಂದು ಕಾಡು ಕಡಿದು ರಬ್ಬರು, ಶುಂಠಿ ಬೆಳೆದ ಕ್ರೈಸ್ತರ ಚರ್ಚುಗಳು, ಪೇಟೆಪೇಟೆಗೆ ಮಸೀದಿ. ಅದ್ವೈತ, ವೀರಶೈವ, ಜೈನ, ಕ್ರೈಸ್ತ, ಇಸ್ಲಾಂ ಎಲ್ಲ ಅಕ್ಕಪಕ್ಕ. ಭಾಷಣಕಾರರಿಗೆ ಸರ್ವಧರ್ಮ ಸಮನ್ವಯದ ತೋಟ ಎನ್ನಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಆದರೆ ಈ ತೋಟದ ಕಳೆ ಕೀಳುವವರ ದೇವರು ಎಲ್ಲಿದೆ? ಪೀಠವಿಲ್ಲ, ಪುಸ್ತಕವಿಲ್ಲ, ಟ್ರಸ್ಟ್ ಇಲ್ಲ, ಸಮುದಾಯ ಭವನವಿಲ್ಲ. ಚೌಡಿ, ಜಟಗ, ಪಂಜುರ್ಲಿ, ಮಾರಿ ಎಲ್ಲ ಮರದ ಬುಡದ ಕಲ್ಲು. ಆ ಮರವೂ ಎಸ್ಟೇಟಿನ ಸಾಹುಕಾರನದ್ದು.

ಇಲ್ಲಿನ ಮಕ್ಕಳಿಗೆ ಧರ್ಮದ ಪಾಠ ಇಲ್ಲ ಎಂದು ಅಳುವವರಿಗೆ ಒಂದು ಮಾತು. ಸಾಬರ ಮಕ್ಕಳು ಬೆಳಗ್ಗೆ ಮದರಸಾ ಮುಗಿಸಿಯೇ ಶಾಲೆಗೆ ಬರುತ್ತವೆ. ಮಲಯಾಳಿ ಕ್ರೈಸ್ತರ ಮಕ್ಕಳಿಗೆ ಭಾನುವಾರ ಚರ್ಚಿನಲ್ಲಿ ಪಾಠವಿದೆ. ಅದಕ್ಕೆ ಅವರ ಭಾಷೆಯಲ್ಲಿ ವೇದಪಾಠ ಎಂದೇ ಹೆಸರು. (ಶೃಂಗೇರಿಯ ಇಷ್ಟು ಹತ್ತಿರ ಆ ಶಬ್ದವನ್ನು ಕೇಳಿ ನಾವು ಮೊದಲ ಸಲ ಬೆರಗಾದೆವು.) ಬ್ರಾಹ್ಮಣರ ವಟುಗಳಿಗೆ ಬೇಸಿಗೆ ಶಿಬಿರ. ಇನ್ನು ಲೈನ್‌ಮನೆಯ ಮಕ್ಕಳು? ಡಿಸೆಂಬರಿನಿಂದ ಫೆಬ್ರವರಿವರೆಗೆ ಅವ್ವನ ಜೊತೆ ಕಾಫಿ ಕುಯ್ಲು, ಅಡಿಕೆ ಕಾಲದಲ್ಲಿ ಅಡಿಕೆ ಸುಲಿಯುವುದು. ಈಗೀಗ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕೂಲಿಗಳ ಮಕ್ಕಳೂ ಅದೇ ಲೈನಿನಲ್ಲಿವೆ. ಇವರೆಲ್ಲರಿಗೂ ತಮ್ಮದೆನ್ನುವ ಜಾಗ ಒಂದೇ, ಸರ್ಕಾರಿ ಶಾಲೆ. ಅನುಕೂಲಸ್ಥರ ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತಿ ಹೋದ ಮೇಲೆ ಉಳಿದದ್ದೂ ಇವರೇ. ಆ ಒಂದು ಜಾಗಕ್ಕೂ ಮಠದ ಪಡಸಾಲೆಯ ವಾಸನೆ ಹಿಡಿಸಬೇಕೆ ಎನ್ನುವುದು ನಮ್ಮ ತಕರಾರು.

ಹಿಡಿಸುವ ಪ್ರಯತ್ನ ಹೊಸದಲ್ಲ. 2011ರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳ ಒಳಗೆ ನುಗ್ಗಿತು. ಅಂದಿನ ಶಿಕ್ಷಣ ಮಂತ್ರಿಗಳು, ವಿರೋಧಿಸುವವರು ದೇಶ ಬಿಟ್ಟು ಹೋಗಲಿ ಎನ್ನುವ ಅರ್ಥದ ಮಾತಾಡಿದ್ದು ಪತ್ರಿಕೆಗಳಲ್ಲಿ ಬಂತು. 2022ರ ಮಾರ್ಚಿನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಯವರೆಗೆ ಗೀತೆ ಎಂದು ಸಾರಿದ್ದೇ ತಡ, ನಮ್ಮಲ್ಲೂ ನೈತಿಕ ಶಿಕ್ಷಣದ ಹೆಸರಿನಲ್ಲಿ ತರುತ್ತೇವೆಂದು ಇಲ್ಲಿನ ಮಂತ್ರಿಗಳೂ ಹೇಳಿದರು. 2023ರಲ್ಲಿ ಸರ್ಕಾರ ಬದಲಾಯಿತು, ಮಾತು ತಣ್ಣಗಾಯಿತು. ತಣ್ಣಗಾದದ್ದು ಮಾತು ಮಾತ್ರ. ಶುಕ್ರವಾರ ಮೂರು ಗಂಟೆಯ ಊದಿನಕಡ್ಡಿ ಆರಿಲ್ಲ.

ಒಂದೇ ಕಡೆಗೆ ಕಲ್ಲು ಹೊಡೆಯುತ್ತೀರಿ ಎಂದು ಯಾರೂ ಅನ್ನಬಾರದು. ಅದೇ 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆ, ಮಗು ಬೈಬಲ್ ತರುವುದಕ್ಕೆ ಅಡ್ಡಿ ಹೇಳುವುದಿಲ್ಲ ಎಂದು ಎಲ್ಲ ಧರ್ಮದ ಪೋಷಕರಿಂದಲೂ ಅರ್ಜಿಯಲ್ಲೇ ಬರೆಸಿಕೊಂಡದ್ದು ಗಲಾಟೆಯಾಯಿತು. ಗಲಾಟೆ ಎಬ್ಬಿಸಿದವರ ಹೊಟ್ಟೆಯೊಳಗೆ ಏನಿತ್ತೆಂದು ನಮಗೆ ಗೊತ್ತು. ಹಾಗೆಂದು ಆ ಸಹಿ ಸರಿ ಎನ್ನಲು ನಮ್ಮಿಂದಾಗದು. ಸೀಟು ಬೇಕಾದ ಅಪ್ಪ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ. ಹಸಿದವನ ಒಪ್ಪಿಗೆ ಒಪ್ಪಿಗೆಯಲ್ಲ ಎನ್ನುವುದು ಕೂಲಿಯ ವಿಷಯದಲ್ಲಿ ನಮಗೆ ತಿಳಿದಿರುವ ಸತ್ಯ. ಧರ್ಮದ ವಿಷಯಕ್ಕೂ ಅದೇ.

ಸಂವಿಧಾನದ 28ನೇ ವಿಧಿ ಓದಿ ಗೆಳೆಯರೇ, ಒಂದು ಪುಟವೂ ಇಲ್ಲ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದು. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಯಲ್ಲಿ ಧರ್ಮಬೋಧೆಗೆ, ಪೂಜೆಗೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಕೂರಿಸುವಂತಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಮೇಲೆ ಚರ್ಚೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಕಾರಣ ಕೊಟ್ಟರು. ಎಲ್ಲರ ತೆರಿಗೆಯ ದುಡ್ಡನ್ನು ಒಂದು ಪಂಗಡದ ಬೋಧೆಗೆ ಹಾಕಲಾಗದು. ಇಷ್ಟೊಂದು ಧರ್ಮಗಳಿರುವ ದೇಶದಲ್ಲಿ ಎಲ್ಲವನ್ನೂ ಬೋಧಿಸಲೂ ಆಗದು. ಪ್ರತಿಯೊಂದು ಧರ್ಮವೂ ತನ್ನದೇ ಸರಿದಾರಿ ಎನ್ನುವಾಗ ಅವನ್ನು ಒಂದೇ ಛಾವಣಿ ಕೆಳಗೆ ತಂದರೆ ಜಗಳವೇ. ಇಷ್ಟು ಹೇಳಿ, ಬೋಧೆ ಬೇರೆ, ಅಧ್ಯಯನ ಬೇರೆ ಎಂದೂ ಗೆರೆ ಎಳೆದರು. ಈ ಗೆರೆ ನಮಗೆ ಬಹಳ ಮುಖ್ಯ. 1964-66ರ ಕೊಠಾರಿ ಆಯೋಗವೂ ಇದೇ ಗೆರೆಯ ಮೇಲೆ ನಡೆಯಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಧರ್ಮಗಳ ಬಗ್ಗೆ ಕಲಿಸುವುದಕ್ಕೆ 28ನೇ ವಿಧಿ ಅಡ್ಡಿಯಲ್ಲ ಎಂದಿತು. ಸರಿ, ಕಲಿಸಿ. ಆದರೆ ಏನನ್ನು?

ಇಲ್ಲಿ ನಮ್ಮ ಸಾಧು ಮಿತ್ರರು ಬರುತ್ತಾರೆ. "ಅಯ್ಯೋ ಮಾರಾಯ್ರೆ, ಎಲ್ಲ ಧರ್ಮದ ಒಳ್ಳೇದನ್ನ ಹೇಳಿಕೊಟ್ರಾಯ್ತು. ಮೂರು ಫೋಟೋ ಇಟ್ಟು ಸರ್ವಧರ್ಮ ಪ್ರಾರ್ಥನೆ ಮಾಡಿದ್ರಾಯ್ತು" ಎನ್ನುತ್ತಾರೆ. ಎರಡು ಕಾರಣಕ್ಕೆ ಇದು ಆಗದ ಮಾತು. ಆ ಮೂರು ಫೋಟೋಗಳಲ್ಲಿ ಚೌಡಿ ಇಲ್ಲ ಎನ್ನುವುದು ಒಂದು. ಸರ್ವಧರ್ಮ ಎಂದಾಗ ಪುಸ್ತಕ ಇರುವ, ಪುರೋಹಿತ ಇರುವ, ಆಸ್ತಿ ಇರುವ ಧರ್ಮಗಳ ಸಭೆ ಎಂದೇ ಅರ್ಥ. ನಮ್ಮ ಹುಡುಗಿ ಆ ಸಭೆಯಲ್ಲೂ ನೆಲ ಸಾರಿಸುವವಳೇ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಒಳ್ಳೇದನ್ನು ಮಾತ್ರ ಹೇಳುವುದೆಂದರೆ ಸುಳ್ಳು ಹೇಳುವುದು.

ಹತ್ತಿರದ್ದನ್ನೇ ತೆಗೆದುಕೊಳ್ಳಿ. ಶಂಕರಾಚಾರ್ಯರ ಬಗ್ಗೆ ಪಾಠ ಮಾಡುವ ಮೇಷ್ಟ್ರು, ಕಾಶಿಯ ಬೀದಿಯಲ್ಲಿ ಚಂಡಾಲ ಎದುರಾದ, ಆಚಾರ್ಯರು ದಾರಿ ಬಿಡು ಅಂದರು, ಅವನು ಮರುಪ್ರಶ್ನೆ ಹಾಕಿದ, ಆಚಾರ್ಯರು ತಲೆಬಾಗಿ ಮನೀಷಾ ಪಂಚಕ ಹಾಡಿದರು ಎಂಬ ಕತೆ ಹೇಳುತ್ತಾರೆ. ಚೆಂದದ ಕತೆ. ಚಂಡಾಲ ಕೊನೆಗೆ ಶಿವನೇ ಆಗಿಬಿಡುತ್ತಾನೆ, ಅಲ್ಲಿಗೆ ನಿಜವಾದ ಚಂಡಾಲನ ತಕರಾರು ಮುಗಿಯಿತು. ಆದರೆ ಅದೇ ಆಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಅಪಶೂದ್ರಾಧಿಕರಣ ಎಂಬ ಭಾಗವಿದೆ. ಶೂದ್ರನಿಗೆ ವೇದದ ಅಧಿಕಾರವಿಲ್ಲವೆಂದು ಅಲ್ಲಿ ತೀರ್ಮಾನ. ಕೇಳಿದವನ ಕಿವಿಗೆ ಸೀಸ, ಅರಗು ತುಂಬುವ ಸ್ಮೃತಿಯ ಮಾತೇ ಅಲ್ಲಿ ಆಧಾರ. ಯಾವ ನೈತಿಕ ಶಿಕ್ಷಣದ ಪುಸ್ತಕದಲ್ಲಿ ಇದು ಬಂದಿದೆ? ಗೀತೆಯ ಒಂಬತ್ತನೇ ಅಧ್ಯಾಯದ ಮೂವತ್ತೆರಡನೇ ಶ್ಲೋಕದಲ್ಲಿ ಪಾಪಯೋನಿ ಎಂಬ ಶಬ್ದದ ಪಕ್ಕದಲ್ಲೇ ಹೆಂಗಸರು, ವೈಶ್ಯರು, ಶೂದ್ರರು ನಿಂತಿದ್ದಾರೆ. ಕಂಠಪಾಠ ಮಾಡಿಸುವ ಟೀಚರಮ್ಮ ಆ ಹೆಂಗಸರಲ್ಲಿ ತಾನೂ ಒಬ್ಬಳೆಂದು ಮಕ್ಕಳಿಗೆ ಬಿಡಿಸಿ ಹೇಳುತ್ತಾಳೆಯೆ?

ಚರ್ಚಿನ ಕಡೆ ಬನ್ನಿ. ದೇವರ ಮುಂದೆ ಎಲ್ಲರೂ ಮಕ್ಕಳು. ಆದರೆ ಹಳೇ ಸಿರಿಯನ್ ಮನೆತನದವರು ಪುಲಯ ಕ್ರೈಸ್ತರ ಮನೆಗೆ ಹೆಣ್ಣು ಕೊಡುವ ಮಾತು ಬಂದಾಗ ಬೈಬಲ್ ಮುಚ್ಚಿಡುತ್ತಾರೆ. ಸರ್ಕಾರವೂ ಕಡಿಮೆಯಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಎಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ, ಮುಸಲ್ಮಾನನಾದ ದಲಿತ ಇಂದಿಗೂ ಹೊರಗೆ. ಶಾಲೆಯ ದಾಖಲಾತಿ ಪುಸ್ತಕದ ಧರ್ಮದ ಕಾಲಂ ತುಂಬುವಾಗ ಮೇಷ್ಟ್ರ ಪೆನ್ನಿನ ತುದಿಯಲ್ಲಿ ಒಂದು ಮಗುವಿನ ಹಾಸ್ಟೆಲು, ಸ್ಕಾಲರ್‌ಶಿಪ್ಪು ನಿಂತಿರುತ್ತದೆ. ದೇವರೊಬ್ಬನೇ ನಾಮ ಹಲವು ಎಂದು ಹಾಡಿಸುವ ಶಾಲೆಯಲ್ಲೇ, ಯಾವ ನಾಮಕ್ಕೆ ಎಷ್ಟು ಸವಲತ್ತು ಎನ್ನುವುದು ಬೀರುವಿನೊಳಗಿದೆ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗುತ್ತದೆ, ನಿಜ. ಆ ಸಾಲಿನಲ್ಲಿ ಅವ್ವ ಎಲ್ಲಿ ಎಂದು ಕೇಳುವ ಹಕ್ಕು ಬ್ಯಾರಿಗಳ ಹುಡುಗಿಗೆ ಬೇಡವೆ? ಇನ್ನು ಅಂತರ್ಜಾತಿ ಮದುವೆಗಾಗಿ ಕಲ್ಯಾಣದಲ್ಲಿ ರಕ್ತ ಹರಿಸಿದವರ ವಾರಸುದಾರರೆಂದು ಹೇಳಿಕೊಳ್ಳುವ ಕೆಲವು ಮಠಾಧೀಶರು 2021ರ ಡಿಸೆಂಬರಿನಲ್ಲಿ ಬೀದಿಗಿಳಿದದ್ದು ಯಾತಕ್ಕೆ? ಬಡಮಕ್ಕಳ ತಟ್ಟೆಗೆ ಮೊಟ್ಟೆ ಬೇಡ ಎನ್ನುವುದಕ್ಕೆ. ಮೊಟ್ಟೆ ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗಂಗಾವತಿಯಲ್ಲಿ ಒಬ್ಬ ಶಾಲಾ ಹುಡುಗಿ ಗುಡುಗಿದಳು. ನಮ್ಮ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಧಾರ್ಮಿಕ ಪ್ರವಚನ ಅದು.

ಅಧ್ಯಯನ ಎಂದರೆ ಇದನ್ನೆಲ್ಲ ಮುಟ್ಟುವುದು. ಮುಟ್ಟಿದರೆ ಏನಾಗುತ್ತದೆ ಎಂದೂ ಗೊತ್ತು. ಆರನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಹೊಸ ಧರ್ಮಗಳ ಉದಯ ಎಂಬ ಪಾಠವಿತ್ತು. ಬೌದ್ಧ, ಜೈನ ಧರ್ಮಗಳು ಯಾಕೆ ಹುಟ್ಟಿದವು? ಯಜ್ಞಗಳಲ್ಲಿ ದನಕರು ಬಲಿಯಾಗುತ್ತಿದ್ದವು, ಹಾಲು ತುಪ್ಪ ಬೆಂಕಿಗೆ ಹೋಗುತ್ತಿತ್ತು, ಸಂಸ್ಕೃತದ ಮಂತ್ರ ಜನಕ್ಕೆ ತಿಳಿಯುತ್ತಿರಲಿಲ್ಲ ಎಂದು ಅಲ್ಲಿ ಬರೆದಿತ್ತು. ಒಂದು ಸಮುದಾಯದ ಮನಸ್ಸು ನೋಯಿತು ಎಂದದ್ದೇ ಸಾಕಾಯಿತು, 2020ರ ಡಿಸೆಂಬರಿನಲ್ಲಿ ಅಂದಿನ ಶಿಕ್ಷಣ ಮಂತ್ರಿಗಳು ತೆಗೆಯಿರಿ ಎಂದರು. ಮನಸ್ಸು! ಎರಡು ಸಾವಿರ ವರ್ಷ ಮೈ ನೊಂದವರ ಮಾತು ಪಠ್ಯಪುಸ್ತಕಕ್ಕೆ ಬರಲು ಕಾಯಬೇಕು, ಮನಸ್ಸು ನೊಂದವರ ಮಾತು ವಾರದೊಳಗೆ ಸುತ್ತೋಲೆಯಾಗುತ್ತದೆ. 2022ರಲ್ಲಿ ಮತ್ತೆ ಪಠ್ಯ ತಿದ್ದಿದಾಗ ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟ ಅನುಮತಿಯನ್ನೇ ವಾಪಸು ಪಡೆದರು. ಆ ವಿವರ ನಿಮಗೆಲ್ಲ ಗೊತ್ತಿದೆ.

ಈಗ ನಮ್ಮ ಹುಳುಕು. ಚಳವಳಿಯ ನಾವು ಇದಕ್ಕೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದೆವು: ಧರ್ಮವೇ ಬೇಡ, ದೇವರೇ ಸುಳ್ಳು, ವಿಜ್ಞಾನ ಕಲಿಸಿ. ಆ ಉತ್ತರಕ್ಕೆ ಕಾರಣವಿತ್ತು. ಚಂದ್ರಗುತ್ತಿಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಬೆತ್ತಲೆ ಓಡಿಸಿದ್ದೂ ದೇವರೇ. 1986ರಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಬಿದ್ದ ಏಟನ್ನು ನಾವು ಮರೆತಿಲ್ಲ. ಆಮೇಲೆ ಆ ಸೇವೆ ನಿಂತದ್ದು ಹೊಡೆತ ತಿಂದವರಿಂದ, ಪ್ರವಚನ ಮಾಡಿದವರಿಂದಲ್ಲ. ಆದರೂ ಒಪ್ಪಿಕೊಳ್ಳೋಣ, ಕ್ಲಾಸಿನಲ್ಲಿ ಹತ್ತು ವರ್ಷದ ಮಗುವಿಗೆ ನಿನ್ನ ದೇವರು ಸುಳ್ಳು ಎಂದು ಹೇಳುವ ಮೇಷ್ಟ್ರೂ ಬೋಧೆಯನ್ನೇ ಮಾಡುತ್ತಿರುತ್ತಾನೆ. ಅದೂ ಯಾರ ದೇವರನ್ನು ಸುಳ್ಳೆನ್ನುತ್ತಾನೆ? ಸರಸ್ವತಿಯನ್ನು ಸುಳ್ಳೆನ್ನಲು ಎಸ್.ಡಿ.ಎಂ.ಸಿ. ಅಧ್ಯಕ್ಷರ ಹೆದರಿಕೆ. ಯೇಸುವನ್ನು, ಅಲ್ಲಾನನ್ನು ಅನ್ನಲು ಗಲಾಟೆಯ ಹೆದರಿಕೆ. ಹೇಳಿ ಕೇಳಿ ಅನ್ನಬಹುದಾದ್ದು ಚೌಡಿಯನ್ನೇ. ಮೂಢನಂಬಿಕೆ ಎಂಬ ಪಾಠ ಬಂದಾಗಲೆಲ್ಲ ಕೋಳಿ, ಕುರಿ, ಭೂತ, ಮೈಮೇಲೆ ಬರುವುದೇ ಉದಾಹರಣೆ. ಅಡ್ಡಪಲ್ಲಕ್ಕಿ ಯಾವತ್ತೂ ಉದಾಹರಣೆಯಾಗಿಲ್ಲ. ನಮ್ಮ ವೈಚಾರಿಕತೆಯೂ ಬಡವರ ಬೆನ್ನ ಮೇಲೇ ಸವಾರಿ ಮಾಡಿತು.

ಇದರ ಫಲವನ್ನು 2022ರ ಜನವರಿಯಲ್ಲಿ ಕೊಪ್ಪ ತಾಲ್ಲೂಕಿನ ಬಾಳಗಡಿಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಕಂಡೆವು. ಮುಸ್ಲಿಂ ಹುಡುಗಿಯರ ತಲೆವಸ್ತ್ರಕ್ಕೆ ಎದುರಾಗಿ ಹುಡುಗರು ಕೇಸರಿ ಶಾಲು ಹೊದ್ದು ಬಂದರು. ಉಡುಪಿಯ ಬೆಂಕಿ ದೊಡ್ಡದಾಗುವ ಮುಂಚಿನ ಮಾತು ಇದು. ಶಾಲು ಹೊದ್ದವರು ಹೊರಗಿನವರಲ್ಲ. ನಮ್ಮದೇ ಪ್ರೈಮರಿ ಶಾಲೆಗಳಲ್ಲಿ, ಅದೇ ಹುಡುಗಿಯರ ಪಕ್ಕದಲ್ಲಿ ಕೂತು ಮಧ್ಯಾಹ್ನದ ಸಾರು ಅನ್ನ ಉಂಡವರು. ಏಳೆಂಟು ವರ್ಷ ಒಟ್ಟಿಗೆ ಕೂತರೂ, ನೀನು ಇದನ್ನು ಯಾಕೆ ಹಾಕ್ಕೊಳ್ತೀ ಎಂದು ಒಬ್ಬನೂ ಆಕೆಯನ್ನು ಕೇಳಿ ತಿಳಿಯುವಂತೆ ನಾವು ಮಾಡಲಿಲ್ಲ. ಕೇಳುವುದು ತಪ್ಪು ಎಂದು ಬಾಯಿ ಮುಚ್ಚಿಸಿದೆವು. ಶಾಲೆ ಮುಚ್ಚಿಸಿದ ಬಾಯಿಯಲ್ಲಿ ಬೇರೆಯವರು ಘೋಷಣೆ ತುರುಕಿದರು. ಫೆಬ್ರವರಿಯಲ್ಲಿ ಸರ್ಕಾರದ ಆದೇಶ, ಮಾರ್ಚಿನಲ್ಲಿ ಹೈಕೋರ್ಟು ತೀರ್ಪು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ತೀರ್ಪು. ಇವೆಲ್ಲದರ ನಡುವೆ ನಮಗೆ ಉಸಿರು ಬಂದದ್ದು ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಕಾಲೇಜಿನಲ್ಲಿ. ದಲಿತ ಹುಡುಗರು ನೀಲಿ ಶಾಲು ಹೊದ್ದು, ಜೈ ಭೀಮ್ ಕೂಗುತ್ತಾ ಆ ಹುಡುಗಿಯರ ಪರ ನಿಂತರು. ಹೆಮ್ಮೆಪಟ್ಟೆವು, ಸುಳ್ಳಲ್ಲ. ಆದರೆ ಮೂರನೇ ಬಣ್ಣದ ಶಾಲು ಪಾಠದ ಬದಲಿಗೆ ಬಂದದ್ದು ಎನ್ನುವುದನ್ನೂ ಮರೆಯಬಾರದು.

ಹಾಗಾದರೆ ಎಂತ ಕಲಿಸೋದು ಎನ್ನುತ್ತೀರಿ. ದೂರ ಹೋಗಬೇಡಿ. 1791ರಲ್ಲಿ ಮರಾಠರ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ಮೂರ್ತಿಯನ್ನು ಮತ್ತೆ ಪ್ರತಿಷ್ಠಾಪಿಸಲು ನೆರವು ಕೊಟ್ಟವನು ಟಿಪ್ಪು. ಅವನು ಕನ್ನಡದಲ್ಲಿ ಮಠಕ್ಕೆ ಬರೆಸಿದ ಕಾಗದಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಹಿಂದೂ ಸೈನ್ಯ ಯಾಕೆ ಮಠ ಲೂಟಿ ಮಾಡಿತು, ಮುಸ್ಲಿಂ ದೊರೆ ಯಾಕೆ ದುಡ್ಡು ಕೊಟ್ಟ, ಅದೇ ದೊರೆ ಬೇರೆ ಕಡೆ ಬೇರೆ ಥರ ಯಾಕೆ ನಡೆದುಕೊಂಡ ಎನ್ನುವುದನ್ನು ಮಕ್ಕಳೇ ಕೂತು ಯೋಚಿಸಲಿ. ಆಮೇಲೆ ನಾವು ಇನ್ನೊಂದು ಪ್ರಶ್ನೆ ಸೇರಿಸುತ್ತೇವೆ. ಶೃಂಗೇರಿ ಮಠದ ಜಹಗೀರಾಗಿತ್ತಲ್ಲ, ಆ ಜಹಗೀರಿನ ಗದ್ದೆ ಉತ್ತವರು ಯಾರು? ಅವರು ಗರ್ಭಗುಡಿಯಿಂದ ಎಷ್ಟು ಮಾರು ದೂರ ನಿಲ್ಲುತ್ತಿದ್ದರು? ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಪ್ರಶ್ನೆಗೆ ಬರುವುದಿಲ್ಲ. ನಮ್ಮ ಜಿಲ್ಲೆಯದೇ ಬಾಬಾಬುಡನ್‌ಗಿರಿ ಇದೆ. ದಾದಾ ಹಯಾತ್ ಎಂದೂ ದತ್ತಾತ್ರೇಯ ಎಂದೂ ಜನ ಒಂದೇ ಗುಹೆಗೆ ಹೋಗುತ್ತಿದ್ದರು. ಒಂದೇ ಗುಹೆ ಎರಡು ಕೇಸಾದದ್ದು ಹೇಗೆ ಎನ್ನುವುದನ್ನು, ಆ ಬೆಟ್ಟದಿಂದ ಬಂತೆನ್ನುವ ಕಾಫಿಯ ತೋಟದಲ್ಲೇ ಬೆಳೆಯುವ ಮಕ್ಕಳು ತಿಳಿಯಬಾರದೆ? 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ ಮಹಾರ್ ಹುಡುಗನ ಕತೆ ಹೇಳಿ. ನ್ಯಾಯ ಹುಡುಗನ ಕಡೆಗಿದೆ ಎಂದು ಒಪ್ಪಿಕೊಂಡ ಮುಂಬಯಿ ಸರ್ಕಾರವೇ, ಬಹುದಿನದ ಪೂರ್ವಗ್ರಹವನ್ನು ಕೆಣಕಬಾರದೆಂದು ಬಾಗಿಲು ತೆರೆಯಲಿಲ್ಲ. ನಮ್ಮ ಶಾಲೆಯ ಬಾಗಿಲಿಗೆ ಧರ್ಮದ ಜೊತೆ ಎಂಥ ಸಂಬಂಧವಿತ್ತೆಂದು ಇದಕ್ಕಿಂತ ಚೆನ್ನಾಗಿ ಯಾವ ನೀತಿಪಾಠ ಹೇಳೀತು?

ಪಾಠ ಮಾಡುವಾಗ ಯಾವ ಮಗುವನ್ನೂ ಅದರ ಧರ್ಮದ ವಕೀಲನನ್ನಾಗಿ ಎಬ್ಬಿಸಿ ನಿಲ್ಲಿಸಬೇಡಿ. "ನೀನು ಸಾಬರವನಲ್ವ, ಹೇಳು" ಎಂದರೆ ಮುಗಿಯಿತು, ಅವನು ಆಮೇಲೆ ಎಂದೂ ಬಾಯಿ ಬಿಡುವುದಿಲ್ಲ. ಕೈ ಮುಗಿಯದ ಮಗುವಿನ ಕೈ ಹಿಡಿದು ಮುಗಿಸಬೇಡಿ. ಹಾಗೇ ಮುಗಿದ ಕೈಯನ್ನು ಬಿಡಿಸಲೂ ಹೋಗಬೇಡಿ.

2023ರ ಜೂನ್‌ನಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಕೆಲವು ಕಡೆ ಅದಕ್ಕೂ ಕಣ್ಣು ಮುಚ್ಚಿ, ಕೈ ಜೋಡಿಸಿ, ರಾಗ ಎಳೆಯುವುದನ್ನು ನೋಡಿದೆವು. ಬಂಧುತ್ವ ಎಂದರೇನು ಎಂದು ಕೇಳಿದರೆ ಮಕ್ಕಳಿಗೆ ಗೊತ್ತಿಲ್ಲ, ಮೇಷ್ಟ್ರಿಗೆ ಪುರುಸೊತ್ತಿಲ್ಲ. ಮಂತ್ರವಾಗಿ ಹೋಗಲಿ ಎಂದು ಬಾಬಾಸಾಹೇಬರು ಅದನ್ನು ಬರೆಯಲಿಲ್ಲ. 2024ರ ಫೆಬ್ರವರಿಯಲ್ಲಿ ವಸತಿ ಶಾಲೆಗಳ ಬಾಗಿಲ ಮೇಲೆ, ಜ್ಞಾನದ ಗುಡಿಗೆ ಕೈಮುಗಿದು ಬಾ ಎನ್ನುವ ಬರಹ ಹೋಗಿ ಧೈರ್ಯವಾಗಿ ಪ್ರಶ್ನಿಸು ಎನ್ನುವ ಅರ್ಥದ ಬರಹ ಬಂದಾಗ ವಿಧಾನಸೌಧದವರೆಗೂ ಕೂಗಾಟವಾಯಿತು. ಬಾಗಿಲ ಮೇಲೆ ಬರೆದದ್ದಕ್ಕೇ ಇಷ್ಟು. ಬಾಗಿಲ ಒಳಗೆ ನಿಜವಾಗಿ ಒಂದು ಹುಡುಗಿ ಧೈರ್ಯವಾಗಿ ಪ್ರಶ್ನಿಸಿದಾಗ ಆದದ್ದನ್ನು ಮೊದಲೇ ಹೇಳಿದ್ದೇವೆ.

ಹೆಸರು ಹಾಕದೆ ಬರೆಯುವುದು ಹೇಡಿತನ ಎಂದು ಕೆಲವರು ಅನ್ನಬಹುದು. ಇರಬಹುದು. ನಮ್ಮಲ್ಲಿ ಮೂವರಿಗೆ ಸಾಲವಿದೆ, ಒಬ್ಬರಿಗೆ ಹೆರಿಗೆ ಹತ್ತಿರವಿದೆ, ಅಮಾನತ್ತಿನ ಆದೇಶಕ್ಕೆ ಒಂದು ಫೋನು ಸಾಕು.

ಆ ಮೇಷ್ಟ್ರು ಮುಂದಿನ ಸೋಮವಾರ ಹುಡುಗಿಯನ್ನು ಕರೆದು, ಚೌಡಿಯ ಬಗ್ಗೆ ಹೇಳು ಎಂದರು. ಹೇಳಲಿಲ್ಲ. ಎರಡು ವಾರ ಹೇಳಲಿಲ್ಲ. ಮೂರನೇ ವಾರ ಹೇಳಿದಳು: ಚೌಡಿ ರಾತ್ರಿ ಗದ್ದೆ ಕಾಯುತ್ತಾಳೆ, ಅವಳಿಗೆ ಗುಡಿ ಕಟ್ಟಿದರೆ ಸಿಟ್ಟು ಬರುತ್ತದೆ, ಅವಳ ಪೂಜೆಗೆ ಅಜ್ಜಿಯೇ ಸಾಕು, ಭಟ್ಟರು ಬೇಡ, ಸಾಬರ ಮನೆಯವರೂ ದನ ಕಳೆದಾಗ ಹರಕೆ ಹೇಳಿಕೊಂಡು ಹೋಗುತ್ತಾರೆ. ಆಗ ಗೋಡೆಗೆ ಆತು ನಿಲ್ಲುವ ಹುಡುಗಿ, ಹೌದು ಸಾರ್, ನಮ್ಮ ಅಜ್ಜಿ ಹೋಗಿದ್ರು ಅಂದಳು. ಮತ್ತೊಬ್ಬ ಹುಡುಗ, ಹಾಗಾದ್ರೆ ಎಸ್ಟೇಟಿನವರು ಆ ಮರ ಕಡಿದ್ರೆ ಚೌಡಿ ಎಲ್ಲಿಗೆ ಹೋಗ್ತಾಳೆ ಅಂದ. ನಲವತ್ತು ನಿಮಿಷದ ಪೀರಿಯಡ್ಡು ಸಾಲಲಿಲ್ಲವಂತೆ.

ನಿಮ್ಮ ಶಾಲೆಯಲ್ಲಿ ನೆಲ ಯಾರು ಸಾರಿಸುತ್ತಾರೆ, ಕಾಯಿ ಯಾರು ಒಡೆಯುತ್ತಾರೆ, ಗೋಡೆಗೆ ಆತು ಯಾರು ನಿಲ್ಲುತ್ತಾರೆ, ಬರೆದು ಕಳಿಸಿ. ಒಂದು ಕಾರ್ಡಾದರೂ ಸಾಕು. ಹೆಸರು ಹಾಕುವುದಿಲ್ಲ.